ಎರಡನೇ ಸಲದ 'ಓಕೆ' ನಂಬಬ್ಯಾಡ್ರಿ

ಕೋಡ್ ಓದೋಣ – 6

ಓಪನ್ ಸೋರ್ಸ್ ಕೋಡ್ ರಿವ್ಯೂಗೆ ಕೂತಾಗ ನಾನು ಮೊದಲು ಹುಡುಕೋದು ಒಂದೇ: ಕೆಲಸ ಕೆಟ್ಟಾಗ ಇದು ಏನ್ ಮಾಡ್ತದ?

ಇದಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕಥಿ ಕೇಳ್ರಿ. ನಾವು ಬರೆದ ಡೇಟಾ ಮೊದಲು ಮೆಮೊರಿಯಲ್ಲಿ ಇರ್ತದ. ಅದನ್ನ ಡಿಸ್ಕಿಗೆ ಮುಟ್ಟಿಸು ಅಂತ ಲಿನಕ್ಸ್‌ಗೆ ಹೇಳೋದು 'ಎಫ್‌ಸಿಂಕ್'. ಅದು ಫೇಲಾದ್ರ ಪೋಸ್ಟ್‌ಗ್ರೆಸ್ ಆಮೇಲೆ ಮತ್ತೊಮ್ಮೆ ಕೇಳ್ತಿತ್ತು. ಎರಡನೇ ಸಲ 'ಓಕೆ' ಅಂತ ಉತ್ತರ ಬರ್ತಿತ್ತು. ಆದ್ರ ಡೇಟಾ ಡಿಸ್ಕಿಗೆ ಹೋಗಿರ್ತಿರಲಿಲ್ಲ! ಬರೆಯೋದು ಫೇಲಾದ ಪೇಜಿಗೂ ಕರ್ನಲ್ 'ಬರೆದಾಯ್ತು' ಅಂತ ಗುರುತು ಹಾಕಿಬಿಟ್ಟಿರ್ತಿತ್ತು.

2018ರಲ್ಲಿ ಇದು ದೊಡ್ಡ ಚರ್ಚೆ ಆಯ್ತು. ಫೆಬ್ರುವರಿ 2019ರ 11.2 ಆವೃತ್ತಿಯಿಂದ ಎಫ್‌ಸಿಂಕ್ ಫೇಲಾದ್ರ ಪೋಸ್ಟ್‌ಗ್ರೆಸ್ ತಾನೇ ನಿಂತುಬಿಡ್ತದ. ಮತ್ತೆ ಎದ್ದು, ಮೊದಲೇ ಬರೆದಿಟ್ಟ ಲಾಗ್ ನೋಡಿ ಡೇಟಾ ಸರಿ ಮಾಡಿಕೊಳ್ತದ.

ಕ್ರ್ಯಾಶ್ ಆಗೋದೇ ಪರಿಹಾರನಾ ಅಂತೀರಿ? ವಾಡಿ ಜಂಕ್ಷನ್ ನೆನಪು ಮಾಡಿಕೊಳ್ರಿ. ರೈಲ್ವೆ ಸಿಗ್ನಲ್ ವ್ಯವಸ್ಥೆ ಕೆಟ್ರ ಕೆಂಪಿಗೇ ಬರಬೇಕು ಅನ್ನೋದು ನಿಯಮ. ಸೇಡಂಗೆ ಹೋಗೋರಿಗೆ ಲೇಟ್ ಆಗಬಹುದು, ಜೀವ ಉಳೀತದ.

ಶಹಾಬಾದಿನ ಕಾರ್ಮಿಕರ ಸಂಬಳ, ಚಿಂಚೋಳಿ ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿ, ಎಲ್ಲಾ ಯಾವುದೋ ಡೇಟಾಬೇಸಿನ ಒಂದು ಸಾಲು. ಸುಳ್ಳು 'ಓಕೆ' ಬಂದ್ರ ಆ ಸಾಲೇ ಮಾಯ, ಯಾರಿಗೂ ಗೊತ್ತೇ ಆಗಲ್ಲ.

ನೀವು ಓದುವಾಗ ಮೂರು ಪ್ರಶ್ನೆ ಕೇಳ್ರಿ:
1. ಈ ಫಂಕ್ಷನ್ ಕೊಟ್ಟ ಎರರ್ ಯಾರಾದ್ರೂ ನೋಡ್ತಾರಾ?
2. ನಡುವೆ ಫೇಲಾದ್ರ, ಹಿಡಿದ ಲಾಕ್, ಮೆಮೊರಿ ಬಿಡ್ತಾರಾ?
3. ಮತ್ತೆ ಪ್ರಯತ್ನ ಮಾಡಿದ್ರ, ಅದೇ ಡೇಟಾ ಇನ್ನೂ ಇರ್ತದಾ?

ಕೋಡ್ ಎಲ್ಲರಿಗೂ ತೆರೆದಿದೆ. ಚಿತ್ತಾಪುರದ ಮನೆಯಲ್ಲಿ ಕೂತೇ ಕೇಳಬಹುದು.

#ಕೋಡ್_ಓದೋಣ #ಕಲಬುರಗಿ