ದೂರಶ್ರವಣ

ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ಹೇಳಿದರು. ಹುಟ್ಟಿದ ಶಬ್ದವು ಕಿವಿಯವರೆಗೆ ಬರುವ ಬಗೆಯನ್ನು ತಿಳಿಸಲು ಅವರು ಎರಡು ದೃಷ್ಟಾಂತಗಳನ್ನು ಕೊಟ್ಟಿರುವರು. ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟುತ್ತ ದಡವನ್ನು ಮುಟ್ಟುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಒಮ್ಮೆಗೇ ಎಲ್ಲ ದಿಕ್ಕಿಗೂ ಬಿರಿಯುವಂತೆ ಎಂಬುದು ಕದಂಬಮುಕುಳನ್ಯಾಯ. ರೇಡಿಯೋ ಕೇಂದ್ರದಿಂದ ಹೊರಡುವುದು ಶಬ್ದವಲ್ಲ, ಶಬ್ದದ ಆಕಾರವನ್ನು ಹೊತ್ತ ವಿದ್ಯುತ್ತರಂಗ. ಆದುದರಿಂದ ಆ ಮಾತು ಇಲ್ಲಿಗೆ ಹಾಗೆಯೇ ಸಲ್ಲದು. ಆದರೂ ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹಾದಿಯಲ್ಲಿರುವ ಪಾಪಿನಾಯಕನಹಳ್ಳಿಯಲ್ಲಿ, ಊರು ಮಲಗಿದ ಮೇಲೆ ಒಂದು ಸಣ್ಣ ಪೆಟ್ಟಿಗೆಯ ಮುಂದೆ ಕುಳಿತು ಕಡಲಾಚೆಯ ಧ್ವನಿಗೆ ಕಿವಿಗೊಡುವ ಹಿರಿಯರೊಬ್ಬರನ್ನು ಕಂಡವರಿಗೆ, ಆ ಎರಡು ದೃಷ್ಟಾಂತಗಳೂ ನೆನಪಾಗದೆ ಇರವು.

ಈ ಹಿರಿಯರು ಅಂಚೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಹವ್ಯಾಸ ಸಂಗೀತಶ್ರವಣವಲ್ಲ, ವಾರ್ತಾಶ್ರವಣವೂ ಅಲ್ಲ. ಮಧ್ಯಮ ತರಂಗದಲ್ಲಿ ಎಷ್ಟು ದೂರದ ನಿಲಯವನ್ನು ಹಿಡಿಯಬಹುದು, ಹಿಡಿದುದನ್ನು ಇಂಥದೇ ಎಂದು ಗುರುತಿಸಬಹುದು ಎಂಬುದೊಂದೇ ಅವರ ಸಾಧನೆ. ಕೇಳಿದವರು ಕೇಳಿದ ಹೊತ್ತು, ತರಂಗದ ಸಂಖ್ಯೆ, ಕಾರ್ಯಕ್ರಮದ ವಿವರ ಇವುಗಳನ್ನು ಬರೆದು ನಿಲಯಕ್ಕೆ ಕಳುಹಿಸುವರು. ಧ್ವನಿಯ ಬಲ, ಇತರ ನಿಲಯಗಳ ಅಡಚಣೆ, ವಾತಾವರಣದ ಗದ್ದಲ, ಏರಿಳಿತ, ಒಟ್ಟು ಗುಣ ಎಂಬ ಐದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡುವುದು ವಾಡಿಕೆ. ವರದಿ ನಿಜವೆಂದು ತೋರಿದರೆ ನಿಲಯದವರು ಒಂದು ಚಿತ್ರದ ಕಾರ್ಡನ್ನು ಕಳುಹಿಸುವರು. ಅದೇ ಈ ಹವ್ಯಾಸಿಗಳಿಗೆ ಪದವೀಪತ್ರ.

ಹಗಲಿನಲ್ಲಿ ಕೇಳದ ದೂರದ ನಿಲಯ ರಾತ್ರಿ ಕೇಳುವುದೇಕೆ? ಭೂಮಿಯ ಮೇಲೆ ಬಹು ಎತ್ತರದಲ್ಲಿ ವಿದ್ಯುತ್ಕಣಗಳ ಪದರಗಳಿವೆ. ಇಂತಹ ಪದರವೊಂದು ಇರಬೇಕೆಂದು 1902ರಲ್ಲಿ ಅಮೆರಿಕದ ಕೆನೆಲಿಯೂ ಇಂಗ್ಲೆಂಡಿನ ಹೆವಿಸೈಡನೂ ಬೇರೆಬೇರೆಯಾಗಿ ಊಹಿಸಿದರು. 1924ರಲ್ಲಿ ಆಪಲ್ಟನ್ ಅದನ್ನು ಪ್ರಯೋಗದಿಂದ ತೋರಿಸಿದನು. 1947ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಗಲಿನಲ್ಲಿ ಬಿಸಿಲಿನಿಂದ ಹುಟ್ಟುವ ಕೆಳಗಿನ ಪದರವು ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯನು ಮುಳುಗಿದ ಮೇಲೆ ಆ ಪದರ ಅಳಿಯಲು, ತರಂಗಗಳು ಮೇಲಿನ ಪದರವನ್ನು ಮುಟ್ಟಿ, ಕನ್ನಡಿಗೆ ತಾಗಿದ ಬೆಳಕಿನಂತೆ ಮರಳಿ ದೂರದ ನೆಲಕ್ಕೆ ಇಳಿಯುತ್ತವೆ. ಧ್ವನಿ ಬರುವ ಹಾದಿಯೆಲ್ಲ ಕತ್ತಲಾಗಿರಬೇಕು. ಆದುದರಿಂದ ಪಾಪಿನಾಯಕನಹಳ್ಳಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮೊದಲು ಕೇಳುವುವು ಪೂರ್ವದ ನಿಲಯಗಳು, ಏಕೆಂದರೆ ಅಲ್ಲಿ ಆಗಲೇ ಇರುಳು. ಅರಬ್ಬೀ ಕಡಲಿನ ಆಚೆಯವು ಕೇಳಬೇಕಾದರೆ ಇನ್ನಷ್ಟು ಕಾಯಬೇಕು. ಬೆಳಗಿನ ಜಾವ ಪೂರ್ವದವು ಮೊದಲು ಮಾಯವಾಗಿ, ಪಶ್ಚಿಮದವು ಕೊನೆಯಲ್ಲಿ ಉಳಿಯುತ್ತವೆ. ಭೂಮಿ ತಿರುಗುವುದನ್ನು ಕಿವಿಯಿಂದ ಅರಿಯುವ ಉಪಾಯವು ಇದೊಂದೇ ಇರಬಹುದು.

ಹಿರಿಯರ ಹಳೆಯ ಪುಸ್ತಕಗಳಲ್ಲಿ 882 ಕಿಲೋಹರ್ಟ್ಸಿನಲ್ಲಿ ಶ್ರೀಲಂಕೆಯ ಪುತ್ತಲಮ್, 1413ರಲ್ಲಿ ಒಮಾನಿನಿಂದ ಬಿ.ಬಿ.ಸಿ., 1575ರಲ್ಲಿ ಥಾಯ್ಲೆಂಡಿನಿಂದ ವಾಯ್ಸ್ ಆಫ್ ಅಮೆರಿಕ ಎಂದೆಲ್ಲ ಬರೆದಿದೆ. ಈ ಸಂಖ್ಯೆಗಳೆಲ್ಲವೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುವು. ಧಾರವಾಡದ 765, ಬೆಂಗಳೂರಿನ 612 ಇವುಗಳೂ ಹಾಗೆಯೇ. 1975ರಲ್ಲಿ ಜಿನೀವದಲ್ಲಿ ಆದ ಒಪ್ಪಂದದಂತೆ 1978ರ ನವೆಂಬರ್ 23ರಿಂದ ನಮ್ಮ ಖಂಡದಲ್ಲಿಯೂ ಯುರೋಪು, ಆಫ್ರಿಕಗಳಲ್ಲಿಯೂ ನಿಲಯಗಳನ್ನು ಒಂಬತ್ತರ ಅಂತರದಲ್ಲಿ ಇಡಲಾಯಿತು. ಮನೆಗಳು ಒಂಬತ್ತರ ಲೆಕ್ಕದಲ್ಲಿದ್ದರೂ ಒಂದೊಂದು ಮನೆಯಲ್ಲಿ ಹಲವು ಒಕ್ಕಲು. ಒಂದೇ ಸಂಖ್ಯೆಯಲ್ಲಿ ನಾಲ್ಕು ದೇಶಗಳು ನುಡಿಯುವುದುಂಟು. ಪೆಟ್ಟಿಗೆಯೊಳಗಿನ ಫೆರೈಟ್ ಕಡ್ಡಿಯು ತನ್ನ ತುದಿಯ ದಿಕ್ಕಿನಿಂದ ಬರುವ ತರಂಗವನ್ನು ಬಹಳ ಮಟ್ಟಿಗೆ ಬಿಟ್ಟುಕೊಡುತ್ತದೆ. ಹಿರಿಯರು ಪೆಟ್ಟಿಗೆಯನ್ನೇ ಮೆಲ್ಲಗೆ ತಿರುಗಿಸಿ, ಇದಲ್ಲ, ಇದಲ್ಲ ಎಂದು ಹತ್ತಿರದ ಗಟ್ಟಿ ಧ್ವನಿಗಳನ್ನು ಕಳೆದು, ಅಡಿಯಲ್ಲಿ ಉಳಿದ ಕ್ಷೀಣಧ್ವನಿಯನ್ನು ಹಿಡಿಯುವರು.

ಇಲ್ಲಿಯೇ ಈ ಹವ್ಯಾಸದ ಧರ್ಮಸೂಕ್ಷ್ಮವಿರುವುದು. ಹಲವು ವರ್ಷಗಳ ಹಿಂದೆ ಒಂದು ರಾತ್ರಿ ಅವರಿಗೆ ಬಹುದೂರದ ಧ್ವನಿಯೊಂದು ಕೇಳಿತು. ಭಾಷೆ ತಿಳಿಯದು, ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಧ್ವನಿ ಇಳಿದುಹೋಯಿತು. ಪಟ್ಟಿಯಲ್ಲಿ ಆ ಸಂಖ್ಯೆಗೆ ಎದುರಾಗಿ ಒಂದು ದೊಡ್ಡ ಹೆಸರಿತ್ತು. ಅದೇ ಇರಬೇಕೆಂದು ನಿಶ್ಚಯಿಸಿ, ಪ್ರಾರ್ಥನೆ, ವಾದ್ಯಸಂಗೀತ, ವಾರ್ತೆ ಎಂದು ಎಲ್ಲ ನಿಲಯಗಳಿಗೂ ಒಪ್ಪುವಂತಹ ವಿವರಗಳನ್ನು ಬರೆದು ಕಳುಹಿಸಿದರು. ಎರಡು ತಿಂಗಳಿಗೆ ಕಾರ್ಡು ಬಂದಿತು. ಊರಿನಲ್ಲಿ ನಾಲ್ವರಿಗೆ ತೋರಿಸಿದರು, ಮೆಚ್ಚುಗೆಯೂ ದೊರೆಯಿತು. ಮುಂದಿನ ಚಳಿಗಾಲದಲ್ಲಿ ಅದೇ ಸಂಖ್ಯೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಸಂಗೀತ ಕೇಳಿತು. ಅಂದು ಹೆಸರು ಸ್ಪಷ್ಟವಾಗಿ ಬಂದಿತು. ಅದು ಬೇರೆಯದೇ ನಿಲಯ.

ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಎಣಿಸುವರು. ಅನುಮಾನವೂ ಪ್ರಮಾಣವೇ ಸರಿ. ಆದರೆ ಅನುಮಾನಿಸಿದುದನ್ನು ಪ್ರತ್ಯಕ್ಷವೆಂದು ಬರೆಯುವುದು ಅಸತ್ಯ. ಅದನ್ನು ನಂಬಿ ನಿಲಯದವರು ಮುದ್ರೆಯೊತ್ತಿದ ಮಾತ್ರಕ್ಕೆ ಕೇಳದುದು ಕೇಳಿದಂತಾಗದು. ಹಿರಿಯರು ಆ ನಿಲಯಕ್ಕೆ ತಪ್ಪೊಪ್ಪಿ ಕಾಗದ ಬರೆದರು. ಉತ್ತರ ಬರಲಿಲ್ಲ. ಕಾರ್ಡಿನ ಹಿಂಬದಿಯಲ್ಲಿ ‘ಅಶ್ರುತ’ ಎಂದು ಬರೆದು, ಕಟ್ಟಿನ ಮೇಲೆಯೇ ಇಟ್ಟರು. ಇಂದಿಗೂ ಕಟ್ಟನ್ನು ಬಿಚ್ಚಿದವರ ಕಣ್ಣಿಗೆ ಮೊದಲು ಬೀಳುವುದು ಅದೇ.

ಈ ಕಷ್ಟ ಇವರೊಬ್ಬರದಲ್ಲ. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನ ಗುಡ್ಡದ ಮೇಲೆ, ಗಾಳಿಪಟಕ್ಕೆ ತಂತಿ ಕಟ್ಟಿ, ಇಂಗ್ಲೆಂಡಿನ ಪೋಲ್ಡುವಿನಿಂದ ಬಂದ ಮೂರು ಚುಕ್ಕಿಗಳ ಸಂಜ್ಞೆಯನ್ನು ತಾನು ಕೇಳಿದೆನೆಂದು ಮಾರ್ಕೋನಿ ಹೇಳಿದನು. ಕಿವಿಯೊಂದೇ ಸಾಕ್ಷಿ, ಕಾಗದದ ಮೇಲೆ ಗುರುತು ಮೂಡಿರಲಿಲ್ಲ, ಹೊತ್ತು ಹಗಲು. ಅವನು ಕೇಳಿದ್ದು ಸಂಜ್ಞೆಯೋ ಸಿಡಿಲಿನ ಗದ್ದಲವೋ ಎಂಬ ಸಂಶಯ ವಿದ್ವಾಂಸರಲ್ಲಿ ಈಗಲೂ ಉಂಟು. ಮಾರ್ಕೋನಿ ಜಗಳವಾಡುತ್ತ ಕುಳಿತಿರಲಿಲ್ಲ. 1902ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯ ಎಂಬ ಹಡಗನ್ನೇರಿ, ಬಂದ ಸಂಜ್ಞೆಗಳನ್ನು ಕಾಗದದ ಪಟ್ಟಿಯ ಮೇಲೆ ಯಂತ್ರದಿಂದಲೇ ಬರೆಯಿಸಿದನು. ಹಗಲಿನಲ್ಲಿ ಸುಮಾರು 700 ಮೈಲಿ, ರಾತ್ರಿಯಲ್ಲಿ 2,000 ಮೈಲಿಗೂ ಮಿಕ್ಕಿ ಎಂಬ ಭೇದ ಆಗ ಬೆಳಕಿಗೆ ಬಂದಿತು. ರಾತ್ರಿಯ ಗುಟ್ಟು ಲೋಕಕ್ಕೆ ತಿಳಿದುದು ಸಂಶಯಕ್ಕೆ ತಲೆಬಾಗಿದುದರ ಫಲವಾಗಿ.

ಈಗ ಆಕಾಶವು ಬರಿದಾಗುತ್ತಿದೆ. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ 2015ರ ಕೊನೆಯ ದಿನ ಮಧ್ಯಮ ತರಂಗವನ್ನು ಬಿಟ್ಟಿತು. ಬಿ.ಬಿ.ಸಿ.ಯ ಹಿಂದೀ ವಾರ್ತೆ 2020ರ ಜನವರಿಯಲ್ಲಿ ಹ್ರಸ್ವ ತರಂಗದಿಂದ ಮರೆಯಾಯಿತು. ನಮ್ಮ ಆಕಾಶವಾಣಿಯೂ ಹಲವು ಮಧ್ಯಮ ತರಂಗದ ಯಂತ್ರಗಳನ್ನು ನಿಲ್ಲಿಸಿದೆ. ಇತ್ತ ಊರಿನಲ್ಲಿ ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರು, ರೈಲುಹಾದಿಯ ವಿದ್ಯುತ್ ತಂತಿ ಇವುಗಳ ಗೊರಗೊರ ಸದ್ದು ಹೆಚ್ಚಿದೆ. ಹಿರಿಯರ ಕಿವಿಯೂ ಮೊದಲಿನಂತಿಲ್ಲ. ಮೊಮ್ಮಗ ಒಮ್ಮೆ ಮೊಬೈಲನ್ನು ಹಿಡಿದು, “ತಾತಾ, ಇದ್ರಾಗ ಲೋಕದ ರೇಡಿಯೋ ಎಲ್ಲಾ ಬರ್ತಾವಲ್ಲ, ನೀನ್ಯಾಕ ರಾತ್ರಿ ನಿದ್ದಿ ಕೆಡ್ತೀ?” ಎಂದನು. “ಅದು ನೀ ಕೇಳಿದ್ದನ್ನ ಕೊಡ್ತದಪ್ಪ. ಇದು ಬಂದದ್ದನ್ನ ಕೊಡ್ತದ” ಎಂದು ಹೇಳಿ ಹಿರಿಯರು ಸುಮ್ಮನಾದರು.

ಈಚಿನ ಪುಸ್ತಕಗಳಲ್ಲಿ ನಿಲಯಗಳ ಹೆಸರು ವಿರಳ. ಸಂಖ್ಯೆ, ಹೊತ್ತು, ಅದರ ಮುಂದೆ ‘ಧ್ವನಿ ಇದೆ, ಗುರುತಾಗಲಿಲ್ಲ’ ಎಂದು ಪುಟ ಪುಟಗಳಲ್ಲಿ ಬರೆದಿದೆ. ಇವು ಯಾವ ಕಾರ್ಡನ್ನೂ ತರಲಾರವು. ಆದರೆ ಆ ಅಶ್ರುತದ ಕಾರ್ಡು ಬಂದಂದಿನಿಂದ, ಕೇಳದೆ ಬರೆದ ಒಂದು ಹೆಸರೂ ಆ ಪುಸ್ತಕಗಳಲ್ಲಿ ಸೇರಿಲ್ಲ.