ಸೋಮಾರಿ ಗುಣವಾಚಕಗಳು

ಏಳನೇ ತರಗತಿಯ ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಲೆಥಾರ್ಜಿಕ್' ಎಂದು ಬರೆದಿದ್ದರು. ಪದ ಉದ್ದವಾಗಿದೆ, ಇಂಗ್ಲಿಷಿನಲ್ಲಿದೆ, ಹಾಗಾದರೆ ಹೊಗಳಿಕೆಯೇ ಇರಬೇಕೆಂದು ಅಪ್ಪ ಖುಷಿಯಿಂದ ಸಹಿ ಹಾಕಿದರು. ಅದೇ ಮಾತನ್ನು ಅಜ್ಜಿ ದಿನಾ ಕನ್ನಡದಲ್ಲಿ ಹೇಳುತ್ತಿದ್ದಳು: "ಲೋ ಮೈಗಳ್ಳ, ಎದ್ದು ಎರಡು ಕೊಡ ನೀರು ಸೇದೋ." ಬೈಗುಳದ ಬೆನ್ನಿಗೇ ಕೆಲಸವನ್ನೂ ಹಚ್ಚುವುದು ನಮ್ಮ ಕಡೆಯ ಕ್ರಮ.

ಮುಂದೆ ನಾನೇ ಇಂಗ್ಲಿಷ್ ಮೇಷ್ಟ್ರಾದೆ. ನನ್ನ ಹುಡುಗರಿಗೆ ಎಲ್ಲವೂ 'ಲೇಜಿ'. ನದಿಯೂ ಲೇಜಿ, ಮುಚ್ಚಿದ ಗಿರಣಿಯೂ ಲೇಜಿ. ಹಾಗಲ್ಲ ಕಣ್ರೋ ಎಂದು ತಿದ್ದುವುದೇ ನನ್ನ ಪಾಡು. ಲೇಜಿ ಎಂದರೆ ಬೈಗುಳ. ಕೆಲಸ ಮಾಡಬಲ್ಲ, ಮಾಡಲೊಲ್ಲ ಅನ್ನುವವನಿಗೆ ಮೀಸಲು. ಗಿರಣಿಯ ಯಂತ್ರ ನಿಂತಿದ್ದರೆ ಅದು 'ಐಡಲ್', ತಪ್ಪು ಯಂತ್ರದ್ದಲ್ಲ. ಹರಿಯಬೇಕಾದ್ದು ನಿಧಾನವಾಗಿ ಹರಿದರೆ 'ಸ್ಲಗ್ಗಿಶ್': ನದಿ, ಚರಂಡಿ, ಷೇರುಪೇಟೆ, ಮದುವೆ ಊಟದ ಮರುದಿನದ ಹೊಟ್ಟೆ. 'ಡಾರ್ಮಂಟ್' ಅಂದರೆ ಮಲಗಿದೆ, ಏಳಬಹುದು. ಅದಕ್ಕೇ ಜ್ವಾಲಾಮುಖಿಯ ಪಕ್ಕ ಆ ಪದ ಕಂಡರೆ ಊರವರಿಗೆ ನಿದ್ದೆ ಬರುವುದಿಲ್ಲ. ಬ್ಯಾಂಕಿನವರೂ ಎರಡು ವರ್ಷ ಮುಟ್ಟದ ಉಳಿತಾಯ ಖಾತೆಗೆ ಇದೇ ಹೆಸರಿಡುತ್ತಾರೆ. ಕೆವೈಸಿ ಕೊಟ್ಟು ಎಬ್ಬಿಸಬೇಕು.

ಸೋಮಾರಿತನವನ್ನು ಬಿರುದಿನ ಹಾಗೆ ಧರಿಸಿದವರೂ ಇದ್ದಾರೆ. 1755ರಲ್ಲಿ ಇಂಗ್ಲಿಷಿನ ಮಹಾ ನಿಘಂಟು ಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್ 1758ರಿಂದ ಎರಡು ವರ್ಷ ವಾರವಾರವೂ ಬರೆದ ಪ್ರಬಂಧಮಾಲೆಗೆ ಇಟ್ಟ ಹೆಸರು 'ದಿ ಐಡ್ಲರ್'. ಬೆಳಗ್ಗೆ ಬೇಗ ಏಳುತ್ತೇನೆಂದು ಪ್ರಾರ್ಥನೆಯ ಟಿಪ್ಪಣಿಗಳಲ್ಲಿ ವರ್ಷ ವರ್ಷವೂ ಸಂಕಲ್ಪ ಬರೆದುಕೊಂಡ ಮನುಷ್ಯ ಆತ. ಏಳಲಿಲ್ಲ. ನನಗೆ ಅವನ ಮೇಲೆ ವಿಶೇಷ ಪ್ರೀತಿ.

ಈ ಪದಗಳನ್ನು ನಾನು ಪಾಠದ ಸಾಮಗ್ರಿಯಷ್ಟೇ ಎಂದುಕೊಂಡಿದ್ದೆ, ಚಿಕ್ಕಮ್ಮನ ಬಯಾಪ್ಸಿ ರಿಪೋರ್ಟ್ ಕೈಗೆ ಬರುವ ತನಕ. ಲಿಂಫೋಮಾ ಎಂಬ ಪದ ಓದಿಯೇ ಕೈ ತಣ್ಣಗಾಯಿತು. ಎದುರು ಕೂತ ಡಾಕ್ಟರು ಮಾತ್ರ "ಇಂಡೊಲೆಂಟ್ ಜಾತಿಯದು, ಸದ್ಯಕ್ಕೆ ಔಷಧ ಬೇಡ, ನೋಡ್ತಾ ಇರೋಣ" ಎಂದರು. ಹಾಗಂದರೇನೋ ಎಂದು ಚಿಕ್ಕಮ್ಮ ನನ್ನನ್ನು ಕೇಳಿದಳು. ಸೋಮಾರಿ ಅಂತ ಎಂದೆ. "ನಿಮ್ಮ ಚಿಕ್ಕಪ್ಪನ ಹಾಗಾ? ಹಾಗಾದ್ರೆ ನಲವತ್ತು ವರ್ಷ ಸಂಭಾಳಿಸಿದ್ದೀನಿ ಬಿಡು." ಡಾಕ್ಟರೂ ನಕ್ಕರು. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ನೋವಿಲ್ಲದ್ದು ಎಂದರ್ಥ. ನೋವಿಲ್ಲದ ಗಂಟಿಗೆ ಹೇಳುತ್ತಿದ್ದದ್ದು 18ನೇ ಶತಮಾನದಲ್ಲಿ ಮೈ ಬಗ್ಗಿಸದ ಸಿರಿವಂತರಿಗೆ ಹತ್ತಿಕೊಂಡಿತು. ಆಸ್ಪತ್ರೆ ಮಾತ್ರ ಅದನ್ನು ಬಿಟ್ಟುಕೊಡದೆ, ನಿಧಾನವಾಗಿ ಬೆಳೆಯುವ ರೋಗಕ್ಕೆ ಉಳಿಸಿಕೊಂಡಿದೆ. ಇಂಗ್ಲಿಷಿನ ಈ ಇಡೀ ಬಳಗದಲ್ಲಿ ಕೇಳಿ ನೆಮ್ಮದಿಯಾಗುವ ಪದ ಇದೊಂದೇ ಇರಬೇಕು.

ಇನ್ನು ನನ್ನ ಕಾರ್ಡಿನ ಲೆಥಾರ್ಜಿಕ್. ಗ್ರೀಕಿನ ಎರಡು ಪದ ಕೂಡಿ ಆದದ್ದು: ಲೇಥೇ ಎಂದರೆ ಮರೆವು, ಆರ್ಗೋಸ್ ಎಂದರೆ ಕೆಲಸಗೇಡಿ. ಈ ಆರ್ಗೋಸ್‌ನ ಇನ್ನೊಂದು ಸಂತಾನ ಆರ್ಗಾನ್ ಅನಿಲ. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕಕ್ಕಿಂತ ಕೂದಲೆಳೆಯಷ್ಟು ಭಾರ ಯಾಕೆ ಎಂದು ಲಾರ್ಡ್ ರೇಲಿ ತಲೆ ಕೆಡಿಸಿಕೊಂಡಿದ್ದರು. 1894ರಲ್ಲಿ ಅವರೂ ವಿಲಿಯಂ ರಾಮ್ಸೆಯವರೂ ಕಾರಣ ಹಿಡಿದರು. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ. 0.93ರಷ್ಟು ಪಾಲು ಕೂತಿದ್ದರೂ ಯಾವುದರ ಜೊತೆಗೂ ಸೇರದ ಅನಿಲವದು. ಅದಕ್ಕೇ ಆ ಹೆಸರು. ಕೈಗೆ ಸಿಕ್ಕಿದ್ದನ್ನೆಲ್ಲ ಸುಟ್ಟುಹಾಕುವ ಫ್ಲೋರಿನ್ ಅನ್ನೂ ಮೇಲೆ ಬಿಟ್ಟು ನೋಡಿದರು, ಜಗ್ಗಲಿಲ್ಲ. ಏನೂ ಮಾಡದ ಈ ಅನಿಲದ ದೆಸೆಯಿಂದ 1904ರಲ್ಲಿ ರೇಲಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅದೇ ವರ್ಷ, ಇದೂ ಇದರ ಬಂಧುಗಳೂ ಸೇರಿ ರಾಮ್ಸೆಗೆ ರಸಾಯನದ್ದು.

ಜೆ.ಎನ್. ಟಾಟಾರ ಕರೆಯ ಮೇರೆಗೆ ಇಂಡಿಯಾ ಸುತ್ತಿ, ವಿಜ್ಞಾನ ಸಂಸ್ಥೆ ಕಟ್ಟಲು ಬೆಂಗಳೂರೇ ಸರಿ ಎಂದವರು ಈ ರಾಮ್ಸೆ. ಅವರ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಕಂಡುಹಿಡಿದ ಮಾರಿಸ್ ಟ್ರ್ಯಾವರ್ಸ್ ಆ ಸಂಸ್ಥೆಯ ಮೊದಲ ನಿರ್ದೇಶಕ. ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಕಲ್ಲು ಇಟ್ಟವರು ಸೋಮಾರಿ ಅನಿಲಗಳ ಪರಿಣತರು.

ಅದೇ ಬೆಂಗಳೂರಿನ ಪೀಣ್ಯದಲ್ಲಿ ಈಗ ಸಂದಿಗೊಂದರಂತೆ 'ಆರ್ಗಾನ್ ವೆಲ್ಡಿಂಗ್' ಬೋರ್ಡು. ಮನೆಯ ಸ್ಟೀಲ್ ಡ್ರಮ್ಮಿನ ಬೆಸುಗೆ ಬಿಟ್ಟು ಸೋರತೊಡಗಿದಾಗ ಅಲ್ಲಿಗೆ ಒಯ್ದಿದ್ದೆ. ಹುಡುಗ ಟಾರ್ಚ್ ಹಿಡಿದ, ಬಿಳಿ ನಳಿಕೆಯಿಂದ ಮೊದಲು ಬುಸ್ಸೆಂದು ಗ್ಯಾಸು, ಆಮೇಲೆ ಕಣ್ಣು ಕುಕ್ಕುವ ಬೆಳಕು. ಕಿಡಿ ಆರಿದ ಮೇಲೂ ಟಾರ್ಚನ್ನು ಅಲ್ಲೇ ಹಿಡಿದಿದ್ದ. ಯಾಕಪ್ಪ ಎಂದೆ. "ಬಿಸಿ ಇರೋವರ್ಗೂ ಗಾಳಿ ತಾಕ್ಬಾರ್ದು ಸಾರ್, ಕಪ್ಪಾಗತ್ತೆ. ಗ್ಯಾಸ್ ಸುಮ್ನೆ ಕಾಯ್ತಾ ಇರತ್ತೆ." ಮುನ್ನೂರು ರೂಪಾಯಿ ತೆಗೆದುಕೊಂಡ.

2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿಜ್ಞಾನಿಗಳು ಹಠ ಹಿಡಿದು ಆರ್ಗಾನ್‌ಗೂ ಒಂದು ಸಂಬಂಧ ಕುದುರಿಸಿದರು: ಆ ಕಡೆ ಜಲಜನಕ, ಈ ಕಡೆ ಫ್ಲೋರಿನ್, ನಡುವೆ ಇದು. ಸೊನ್ನೆಗಿಂತ 246 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾತ್ರ ಬಾಳುವ ಸಂಬಂಧ. ಅದಕ್ಕಿಂತ ಚೂರು ಬೆಚ್ಚಗಾದರೆ ಆರ್ಗಾನ್ ಕೈ ಕೊಡವಿಕೊಂಡು ಎದ್ದುಹೋಗುತ್ತದೆ.