ಹತ್ತಿಂಚಿನ ಗಾಲಿ, ಎರಿ ನೆಲದ ದಾರಿ

ಕನ್ನೊಳ್ಳಿ ಟೋಲ್ ನಾಕಾದ ಅಂಚಿನಲ್ಲಿ ದ್ವಿಚಕ್ರ ವಾಹನಗಳಿಗೆ ಬಿಟ್ಟ ಸಣ್ಣ ಸಂದಿಯಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸ್ಕೂಟರಿಗೆ ಸುಂಕವಿಲ್ಲ, ಹೀಗಾಗಿ ನಿಲ್ಲಿಸುವವರೂ ಇಲ್ಲ. ವಿಜಯಪುರದಿಂದ ಸಿಂದಗಿ, ಜೇವರ್ಗಿ ದಾಟಿ ಕಲಬುರಗಿಗೆ ಹೋಗುವ ಈ ದಾರಿಗೆ ಈಗಿನ ನಂಬರು 50, ಹಿಂದೆ 218 ಇತ್ತು. ನನ್ನ ವೈನಿಯ (ಅತ್ತಿಗೆಯ) ಹಳೆಯ ಆಕ್ಟಿವಾ ಸ್ಕೂಟರಿನ ವೇಗದ ಮುಳ್ಳು ವಿಜಯಪುರ ಬಿಟ್ಟಾಗಿನಿಂದ ಐವತ್ತೈದು ಬಿಟ್ಟು ಅಲುಗಿರಲಿಲ್ಲ. ದೇವರ ಹಿಪ್ಪರಗಿ ಯಾವಾಗ ಬಂತು, ಯಾವಾಗ ಹಿಂದೆ ಬಿತ್ತು ಎಂಬುದು ಹಿಂದೆ ಕೂತ ನನಗೆ ನೆನಪೇ ಇಲ್ಲ.

ಬರೆಯಬೇಕು ಅನ್ನಿಸಿದ್ದು ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ.

"ಇಲ್ಲಿಂದ ಮುಂದ ಗಟ್ಟಿ ಹಿಡ್ಕೋವಾ," ಅಂದರು ವೈನಿ. ಅವರು ಒಳಗಿನ ಹಳ್ಳಿಯೊಂದರ ಶಾಲೆಯಲ್ಲಿ ಟೀಚರ್. ದಿನಾ ಹೋಗಿ ಬರುವ ದಾರಿ, ಯಾವ ತಗ್ಗು ಎಲ್ಲಿದೆ ಅನ್ನುವುದು ಬಾಯಿಪಾಠ. ಮೊದಲ ಫರ್ಲಾಂಗು ಡಾಂಬರು ಚೆನ್ನಾಗಿತ್ತು, ಮುಳ್ಳು ನಲವತ್ತರಲ್ಲಿತ್ತು. ಡಾಂಬರಿನ ಮೇಲ್ಪದರ ಕಿತ್ತು ಖಡಿ ಎದ್ದಲ್ಲಿ ಇಪ್ಪತ್ತೈದು. ಗರಸು ಹಾಕಿ ಬಿಟ್ಟಲ್ಲಿ ಇಪ್ಪತ್ತು. ಹೊಲಗಳ ನಡುವೆ ಬರೀ ಎರಿ ಮಣ್ಣು ಉಳಿದ ಕಡೆ ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು ನಡೆಸಿದಷ್ಟೇ. ಗಾಡಿ ಅದೇ, ಎಂಜಿನ್ ಅದೇ, ಸವಾರರೂ ಅವರೇ.

ಕೆಟ್ಟ ರಸ್ತೆಯಲ್ಲಿ ಎಂಜಿನ್ ಸೋಲುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಪೂರ್ತಿ ನಿಜವಲ್ಲ. ಒಳ್ಳೆಯ ಡಾಂಬರಿಗೆ ಹೋಲಿಸಿದರೆ ಸಡಿಲ ಮಣ್ಣಿನಲ್ಲಿ ಗಾಲಿ ಉರುಳುವುದಕ್ಕೆ ಮೂರು ನಾಲ್ಕು ಪಟ್ಟು ಹೆಚ್ಚು ಬಲ ಬೇಕು, ಅದು ಹೌದು. ಆದರೂ ಏಳೆಂಟು ಅಶ್ವಶಕ್ತಿಯ ಸ್ಕೂಟರಿಗೆ ಅಲ್ಲಿ ಐವತ್ತರ ವೇಗಕ್ಕೆ ಸಾಕಾಗುವಷ್ಟು ಕಸುವಿದೆ. ಅಷ್ಟು ವೇಗದಲ್ಲಿ ಹೋಗಲು ಬಿಡದೆ ಇರುವುದು ಗಾಲಿ ಮತ್ತು ಹಿಡಿತ. ಮುಂದಿನ ಗಾಲಿ ಖಡಿಯ ಮೇಲೆ ಜಾರಿ ಹ್ಯಾಂಡಲ್ ಒಮ್ಮೆ ತಿರುಚಿಕೊಂಡರೆ ಸಾಕು, ಆಕ್ಸಿಲರೇಟರ್ ಹಿಡಿದ ಕೈ ತಾನಾಗಿ ಸಡಿಲಾಗುತ್ತದೆ.

ಅರ್ಧ ದಾರಿಗೆ ಹಿಂದಿನ ಗಾಲಿ ಕುಳಿತಿತು. ತಳ್ಳಿಕೊಂಡು ಹೋಗುವಷ್ಟರಲ್ಲಿ ಜಾಲಿ ಗಿಡದ ನೆರಳಿನಲ್ಲಿ ತಗಡಿನ ಪಂಕ್ಚರ್ ಅಂಗಡಿ ಸಿಕ್ಕಿದ್ದು ಪುಣ್ಯ. ಇಪ್ಪತ್ತರ ಆಸುಪಾಸಿನ ಹುಡುಗ. ವೈನಿಯನ್ನು ಕಂಡವನೇ ಕುರ್ಚಿ ಒರೆಸಿಟ್ಟ.

"ಟೀಚರ್ರೀ, ಮತ್ತ ಅದ ಜಾಗಾದಾಗ ಆಗಿರಬೇಕ್ ನೋಡ್ರಿ."

ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ, ನೀರಿನ ಬುಟ್ಟಿಯಲ್ಲಿ ಅದ್ದಿದ. ಒಂದರ ಪಕ್ಕ ಒಂದರಂತೆ ಎರಡು ಸಾಲು ಗುಳ್ಳೆ ಎದ್ದವು. ಮುಳ್ಳು ಚುಚ್ಚಿದರೆ ಒಂದೇ ತೂತು. ಜೋಡಿ ತೂತು ಬಿದ್ದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು ಜಜ್ಜಿದೆ ಅಂತ ಅರ್ಥ. ಆಮೇಲೆ ರಿಮ್ಮನ್ನು ಸುತ್ತಿಸಿ, ಅಂಚಿಗೆ ಒಂದು ತಂತಿ ಹಿಡಿದು ತೋರಿಸಿದ. ಒಂದು ಸುತ್ತಿಗೆ ಒಮ್ಮೆ ತಂತಿ ಟಿಕ್ ಅನ್ನುತ್ತಿತ್ತು. ರಿಮ್ ಸೊಟ್ಟಗಾಗಿತ್ತು.

"ಗಾಳಿ ಎಷ್ಟ್ ಹಾಕಸ್ತೀರಿ?"

"ಕಡಿಮಿನ ಇರಲಿ ಅಂತೀನಿ ತಮ್ಮಾ. ಪೂರಾ ಹಾಕಿಸಿದ್ರ ನಡಾ ಹಿಡೀತಾವ."

ಹುಡುಗ ತಲೆಯಾಡಿಸಿದ. ಈ ಭಾಗದ ಸ್ಕೂಟರ್ ಸವಾರರೆಲ್ಲ ಮಾಡುವುದು ಇದನ್ನೇ ಅಂತ ಅವನ ಅನುಭವ. ಈ ಗಾಡಿಗೆ ಮುಂದೆ 22, ಹಿಂದೆ ಒಬ್ಬರಿದ್ದರೆ 29, ಇಬ್ಬರಿದ್ದರೆ 36 ಪೌಂಡು ಗಾಳಿ ಬೇಕು. ಕುಲುಕಾಟ ತಾಳದೆ ಜನ ಕಡಿಮೆ ಹಾಕಿಸುತ್ತಾರೆ. ಮೆತ್ತಗಾದ ಟೈರು ಕಲ್ಲಿಗೆ ಅಪ್ಪಚ್ಚಿಯಾಗುತ್ತದೆ, ರಿಮ್ ಬಾಗುತ್ತದೆ. ನಡ ಉಳಿಸಿಕೊಳ್ಳಲು ಹೋದರೆ ಗಾಲಿ ಹೋಗುತ್ತದೆ, ಗಾಲಿ ಉಳಿಸಿದರೆ ನಡ. ಪಂಕ್ಚರಿಗೆ ಅವನು ಕೇಳಿದ ದುಡ್ಡು ವಿಜಯಪುರಕ್ಕಿಂತ ಕಡಿಮೆ. ರಿಮ್ ಬಡಿದು ನೆಟ್ಟಗೆ ಮಾಡಿದ್ದಕ್ಕೆ ಬೇರೆ ಏನೂ ತಗೊಳ್ಳಲಿಲ್ಲ.

ಅಂಗಡಿ ಮುಂದೆ ಒಂದು ಬೈಕೂ ನಿಂತಿತ್ತು. ಎರಡು ಗಾಲಿಗಳನ್ನು ಅಕ್ಕಪಕ್ಕ ಕಂಡಾಗ ಲೆಕ್ಕ ಕಣ್ಣಿಗೆ ಕಟ್ಟಿತು. ಹತ್ತಿಂಚಿನ ರಿಮ್ಮಿಗೆ ಟೈರ್ ಸೇರಿದರೆ ಗಾಲಿಯ ಅಡ್ಡಳತೆ ಸುಮಾರು 43 ಸೆಂ.ಮೀ. ಹದಿನೆಂಟಿಂಚಿನ ಬೈಕಿನದು 60ರ ಹತ್ತಿರ. ರಸ್ತೆಯಲ್ಲಿ ಒಂದಡಿ ಉದ್ದದ ತಗ್ಗಿದೆ ಅನ್ನಿ. ನಿಧಾನವಾಗಿ ದಾಟುವಾಗ ಬೈಕಿನ ಗಾಲಿ ಅದರೊಳಗೆ ಸುಮಾರು 4 ಸೆಂ.ಮೀ. ಇಳಿಯುತ್ತದೆ, ಸ್ಕೂಟರಿನದು 6. ಬೈಕಿನವನು ಕುಲುಕಿ ದಾಟುವ ತಗ್ಗಿನಲ್ಲಿ ಸ್ಕೂಟರಿನವರು ಬಿದ್ದೇಳುತ್ತಾರೆ. 1972ರಲ್ಲಿ ಬಂದ ಬಜಾಜ್ ಚೇತಕ್‌ನಲ್ಲೂ, 2001ರಲ್ಲಿ ಬಂದ ಆಕ್ಟಿವಾದಲ್ಲೂ ಗಾಲಿ ಹತ್ತಿಂಚಿನದೇ. ಇತ್ತೀಚಿನ ಆಕ್ಟಿವಾಗಳ ಮುಂದಿನ ಗಾಲಿ ಹನ್ನೆರಡಿಂಚಿಗೆ ಏರಿದೆ. ಆದರೆ ಹಳ್ಳಿಯ ಮನೆಗಳಲ್ಲಿ ಓಡುತ್ತಿರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಗಾಡಿಗಳು.

ಮತ್ತೆ ಹೊರಟಾಗ ನಾನು ಹೊಲ ನೋಡುವುದು ಬಿಟ್ಟು ನೆಲವನ್ನೇ ನೋಡುತ್ತಿದ್ದೆ. ತೊಗರಿ, ಜೋಳ, ಹತ್ತಿಗೆ ಅನ್ನ ಕೊಡುವ ಈ ಎರಿ ಭೂಮಿ ರಸ್ತೆಯನ್ನು ಮಾತ್ರ ಹೊರಲಾರದು. ಮಳೆ ಬಿದ್ದರೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಡಾಂಬರಿನ ನಡುಭಾಗದ ಕೆಳಗಿನ ಮಣ್ಣು ಬೇಗ ನೆನೆಯುವುದೂ ಇಲ್ಲ, ಒಣಗುವುದೂ ಇಲ್ಲ. ಅಂಚಿನದು ಎರಡಕ್ಕೂ ಮುಂದು. ಹಾಗಾಗಿ ಬಿರುಕು ಅಂಚಿನುದ್ದಕ್ಕೂ ಸಾಗಿ, ಡಾಂಬರಿನ ಬದಿ ಕುಸಿದು ಮೆಟ್ಟಿಲಾಗುತ್ತದೆ. ಎದುರಿಗೆ ಬಸ್ಸು ಬಂದಾಗ ಸ್ಕೂಟರಿನವರು ಇಳಿಯಬೇಕಾದದ್ದು ಆ ಮೆಟ್ಟಿಲಿನಿಂದಲೇ. ಇಳಿಯುವುದು ಹೇಗೋ ಆದೀತು, ಓರೆಯಾಗಿ ಮತ್ತೆ ಹತ್ತುವಾಗ ಸಣ್ಣ ಗಾಲಿ ಅಂಚಿಗೆ ಉಜ್ಜಿ ಗಾಡಿಯನ್ನು ಕೆಡವುತ್ತದೆ. ಮಳೆಗಾಲದಲ್ಲಂತೂ ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯೇ ತಿರುಗದು. ಅದನ್ನು ಕೆದಕುವುದಕ್ಕೆಂದೇ ವೈನಿ ಡಿಕ್ಕಿಯಲ್ಲಿ ಒಂದು ಕಟ್ಟಿಗೆ ಇಟ್ಟುಕೊಂಡಿದ್ದಾರೆ. ಶಾಲೆಗೆ ಹೋಗುವ ಹೆಣ್ಣುಮಗಳು ಪುಸ್ತಕದ ಜೊತೆ ಕೆಸರು ಕೆದಕುವ ಕಟ್ಟಿಗೆ ಹೊತ್ತೊಯ್ಯುವುದು ನನಗೆ ಸಿಟ್ಟು ತರಿಸಿತು.

ಗರಸಿನ ತುಂಡಿನಲ್ಲಿ ಇನ್ನೊಂದು ಕಾಟ. ಅಡ್ಡಡ್ಡ ಸಾಲು ಸಾಲು ಅಲೆ ಎದ್ದಿದ್ದವು, ಹಲ್ಲು ಕಟಕಟ ಅನ್ನುವಷ್ಟು. ಟ್ರ್ಯಾಕ್ಟರಿನ ಸ್ಪ್ರಿಂಗು, ಎಂಜಿನ್ನಿನ ನಡುಕ ಇದಕ್ಕೆ ಕಾರಣ ಅಂತ ಊರವರ ನಂಬಿಕೆ. 2007ರಲ್ಲಿ ನಿಕೊಲಾ ತಬರ್ಲೆ, ಸ್ಟೀಫನ್ ಮಾರಿಸ್, ಜಿಮ್ ಮ್ಯಾಕೆಲ್ವೇನ್ ಎಂಬ ಭೌತವಿಜ್ಞಾನಿಗಳು ತಿರುಗುವ ದೊಡ್ಡ ತಟ್ಟೆಯಲ್ಲಿ ಮರಳು ಹರವಿ, ಅದರ ಮೇಲೆ ಬರೀ ಒಂದು ಗಾಲಿ ಉರುಳಿಸಿ ನೋಡಿದರು. ಎಂಜಿನ್ ಇಲ್ಲ, ಸ್ಪ್ರಿಂಗ್ ಇಲ್ಲ. ಆದರೂ ವೇಗ ಒಂದು ಮಿತಿ ದಾಟಿದೊಡನೆ ಅಲೆ ಎದ್ದವು. ಸಡಿಲ ನೆಲ ಇರುವ ತನಕ ಅಲೆ ತಪ್ಪಿದ್ದಲ್ಲ. ಕೆತ್ತಿ ಸಮ ಮಾಡಿದರೂ ಗಾಡಿಗಳು ಓಡಿದರೆ ಮತ್ತೆ ಏಳುತ್ತವೆ.

ಈ ದಾರಿಯನ್ನು ಕೆಡಿಸಿದ್ದು ಸ್ಕೂಟರುಗಳಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರ ತನಕ ಲಾರಿಗಳನ್ನು ಓಡಿಸಿ ರಸ್ತೆ ಪರೀಕ್ಷೆ ಮಾಡಿದ್ದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು ಹದಿನಾರು ಪಟ್ಟು ಅನ್ನುವುದು ಅಲ್ಲಿ ಸಿಕ್ಕ ಲೆಕ್ಕ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್ ಒಂದು ಹಂಗಾಮಿನಲ್ಲಿ ಮಾಡುವ ಹಾನಿಯನ್ನು ವೈನಿಯ ಗಾಡಿ ನೂರು ವರ್ಷ ಓಡಿದರೂ ಮಾಡಲಾರದು. ಕಬ್ಬು ಬೆಳೆದ ರೈತರದ್ದಾಗಲಿ, ಟ್ರ್ಯಾಕ್ಟರ್ ಹೊಡೆಯುವವರದ್ದಾಗಲಿ ಇದು ತಪ್ಪಲ್ಲ. ಅಷ್ಟು ಭಾರ ಬರುತ್ತದೆ ಅಂತ ಗೊತ್ತಿದ್ದೂ ಎರಿ ಮಣ್ಣಿನ ಮೇಲೆ ತೆಳ್ಳಗೆ ಖಡಿ ಹರವಿ ಡಾಂಬರು ಬಳಿದವರನ್ನು ಕೇಳಬೇಕು. ಸುಣ್ಣ ಬೆರೆಸಿದರೆ ಈ ಮಣ್ಣಿನ ಉಬ್ಬರ ಇಳಿಯುತ್ತದೆ, ಕೆಳಗೆ ಗರಸಿನ ಪದರ ದಪ್ಪಗಿದ್ದರೆ ರಸ್ತೆ ತಾಳುತ್ತದೆ. ರಸ್ತೆ ಎಂಜಿನಿಯರುಗಳಿಗೆ ಇದು ಹೊಸ ಸಂಗತಿಯಲ್ಲ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರರೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕೆಂಬ ನಿಯಮವಿದೆ. ಯಾವ ಯೋಜನೆಯ ರಸ್ತೆಯೇ ಇರಲಿ, ಅಂಥ ನಿಯಮ ಜಾರಿಯಾದರೆ ಅರ್ಧ ಸಂಕಟ ಕಳೆದೀತು.

ಇನ್ನರ್ಧ ನೀರಿನದು. ಸ್ಕಾಟ್ಲೆಂಡಿನ ಜಾನ್ ಮೆಕಾಡಂ ಇನ್ನೂರು ವರ್ಷಗಳ ಹಿಂದೆ ಒತ್ತಿ ಹೇಳಿದ್ದು, ಭಾರ ಹೊರುವುದು ಕೊನೆಗೆ ಕೆಳಗಿನ ನೆಲವೇ, ಅದನ್ನು ಒಣಗಿಸಿಟ್ಟರೆ ಸಾಕು ಎಂದು. ನಾವು ಹೋದ ದಾರಿಗೆ ಹೆಚ್ಚಿನ ಕಡೆ ಎರಡೂ ಬದಿ ಗಟಾರವೇ ಇರಲಿಲ್ಲ. ಇದ್ದ ಕಡೆ ಹೊಲದವರು ಮುಚ್ಚಿ ಒಡ್ಡು ಹಾಕಿಕೊಂಡಿದ್ದರು. ಹೊಲದ ನೀರು ರಸ್ತೆಗೆ, ರಸ್ತೆಯ ನೀರು ತನ್ನದೇ ಬುಡಕ್ಕೆ.

ಶಾಲೆ ಮುಟ್ಟಿದ ಮೇಲೆ ವೈನಿ ಬ್ಯಾಗಿನಿಂದ ಒಂದು ಹಾಳೆ ತೆಗೆದು ಓದಲು ಕೊಟ್ಟರು. ಮುಂಗಾರಿಗೆ ಮೊದಲು ಗಟಾರ ತೋಡಿಸಿಕೊಡಿ ಎಂಬ ಅರ್ಜಿ. ಕೆಳಗೆ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಹಾಲು ಹಾಕುವವರು, ಇಬ್ಬರು ಟೀಚರು ಸಹಿ ಹಾಕಿದ್ದರು, ಎಲ್ಲರೂ ಸ್ಕೂಟರ್ ಹೊಡೆಯುವ ಹೆಣ್ಣುಮಕ್ಕಳು. "ಪಂಕ್ಚರ್ ಹುಡುಗನ ಸಹಿನೂ ಬೇಕಾಗಿತ್ತು, ಮರತ್ ಬಂದೆ," ಅಂದರು. ಸಂಜೆ ವಾಪಸ್ ಹೋಗುವಾಗ ಅಲ್ಲಿ ನಿಲ್ಲಿಸಿ ಅದನ್ನೂ ಹಾಕಿಸಿಕೊಂಡೆವು.